ದನಿ ಎಷ್ಟು ದೂರ ಕೇಳಿಸೀತು? ಬಾನುಲಿ ಪ್ರಸಾರದಲ್ಲಿ ಆಂಟೆನಾದ ಎತ್ತರ ಮತ್ತು ವಿನ್ಯಾಸ

(ಸಂಘದ ವಾರ್ಷಿಕ ಸಭೆಯ ಸಂದರ್ಭದಲ್ಲಿ ಮಳವಳ್ಳಿಯಲ್ಲಿ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



 

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಒಂದು ಕಾರಣವಿದೆ. ಕಳೆದ ಸಭೆಯಲ್ಲಿ ಹಿರಿಯರೊಬ್ಬರು, "ನಮ್ಮ ಸಂಘದ ವತಿಯಿಂದ ಒಂದು ಸಮುದಾಯ ಬಾನುಲಿ ಕೇಂದ್ರ ಏಕೆ ಆಗಬಾರದು? ಮಕ್ಕಳಿಗೆ ಪಾಠ, ರೈತರಿಗೆ ಮಾಹಿತಿ, ಹೊಳೆ ತುಂಬಿದಾಗ ಎಚ್ಚರಿಕೆ ಎಲ್ಲವನ್ನೂ ಕೊಡಬಹುದಲ್ಲ" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಕೂಡಲೇ ಇನ್ನೊಬ್ಬರು, "ಹಾಗಾದರೆ ಒಂದು ದೊಡ್ಡ ಮೆಷಿನ್ ತರಬೇಕು, ಇಡೀ ತಾಲ್ಲೂಕಿಗೆ ಕೇಳಬೇಕು" ಎಂದರು. ಮೆಷಿನ್ ದೊಡ್ಡದಾದರೆ ದನಿ ದೂರ ಹೋಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ದಾನಿಗಳು ಕೊಟ್ಟ ಹಣವನ್ನು ಖರ್ಚು ಮಾಡಬಾರದು. ಆ ಅರ್ಧವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಚಾಚಾ ಕಲಿಸಿದ ಪಾಠ

ಮೊದಲು ನನ್ನ ಪೆದ್ದತನವನ್ನೇ ಹೇಳಿಬಿಡುತ್ತೇನೆ. ಮೈಸೂರು ಆಕಾಶವಾಣಿಯನ್ನು ಎಫ್‌ಎಂನಲ್ಲಿ ಕೇಳಬೇಕೆಂಬ ಆಸೆಯಿಂದ ಒಮ್ಮೆ ಒಂದು ಸೆಟ್ ಕೊಂಡೆ. ಮನೆಯೊಳಗೆ ಇಟ್ಟರೆ ಬರೀ ಸುಯ್ ಎಂಬ ಸದ್ದು. ಸೆಟ್ ಸರಿಯಿಲ್ಲವೆಂದು ಇನ್ನೂ ಹೆಚ್ಚಿನ ಬೆಲೆಯದೊಂದನ್ನು ತಂದೆ. ಅದರಲ್ಲೂ ಅದೇ ಸುಯ್. ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಚಾಚಾ ಒಬ್ಬರಿದ್ದರು. ಅವರ ಬಳಿ ಒಯ್ದಾಗ ಸೆಟ್ ಬಿಚ್ಚಲೇ ಇಲ್ಲ. "ಬೇಟಾ, ಸೆಟ್ ಬದಲಾಯಿಸಬೇಡ, ಜಾಗ ಬದಲಾಯಿಸು" ಎಂದರು. ಸಂಜೆ ಮನೆಗೆ ಬಂದು ತಾಮ್ರದ ತಂತಿಯ ಎರಡು ತುಂಡುಗಳನ್ನು ಒಂದೊಂದು ಸುಮಾರು 70 ಸೆಂಟಿಮೀಟರ್ ಬರುವಂತೆ ಕತ್ತರಿಸಿ, ಒಂದು ಬಿದಿರಿನ ಗಳುವಿಗೆ ಅಡ್ಡಲಾಗಿ ಕಟ್ಟಿ, ಹಳೆಯ ಟಿವಿ ಆಂಟೆನಾದ ಚಪ್ಪಟೆ ವೈರಿನಿಂದ ಸೆಟ್ಟಿಗೆ ಜೋಡಿಸಿದರು. ಗಳುವನ್ನು ತಾರಸಿಯ ಮೇಲೆ ನಿಲ್ಲಿಸಿ ನಿಧಾನವಾಗಿ ತಿರುಗಿಸಿದರು. ತಂತಿಯ ತೋಳುಗಳು ದಕ್ಷಿಣೋತ್ತರವಾಗಿ ನಿಂತಾಗ, ಅಂದರೆ ಪಡುವಲ ದಿಕ್ಕಿನ ಮೈಸೂರಿಗೆ ಎದೆಕೊಟ್ಟು ನಿಂತಾಗ, ಸುದ್ದಿ ಓದುವವರ ದನಿ ಪಕ್ಕದಲ್ಲೇ ಕುಳಿತಂತೆ ಕೇಳಿಸಿತು.

ಇದರಲ್ಲಿ ನಮ್ಮ ಇಡೀ ಪಾಠ ಅಡಗಿದೆ. ಗಳು ಎಂದರೆ ಎತ್ತರ. 70 ಸೆಂಟಿಮೀಟರ್ ಎಂದರೆ ಅಳತೆ. ತಿರುಗಿಸಿದ್ದು ದಿಕ್ಕು. ಈ ಮೂರನ್ನು ಬಿಟ್ಟು ನಾನು ನಾಲ್ಕನೆಯದಕ್ಕೆ, ಅಂದರೆ ಸೆಟ್ಟಿಗೆ, ಎರಡು ಸಲ ದುಡ್ಡು ಸುರಿದಿದ್ದೆ.

ಕಬ್ಬಿನ ಗದ್ದೆ ಮತ್ತು ದಿಗಂತ

ನಿಮ್ಮಲ್ಲಿ ಅನೇಕರು ಕಬ್ಬಿನ ಗದ್ದೆಯವರು. ಬೆಳೆದ ಕಬ್ಬಿನೊಳಗೆ ನಿಂತರೆ ನಾಲ್ಕು ಮಾರು ಆಚೆ ಏನಿದೆ ಎಂದು ಕಾಣುವುದಿಲ್ಲ. ಕಬ್ಬು ಹೇರಿದ ಗಾಡಿಯ ಮೇಲೆ ಹತ್ತಿದರೆ ಊರಿನ ಮರಗಳು ಕಾಣುತ್ತವೆ. ಕೆರೆ ಏರಿ ಹತ್ತಿದರೆ ಮುಂದಿನ ಊರೂ ಕಾಣುತ್ತದೆ. ನಿಮ್ಮ ಕಣ್ಣಿನ ಶಕ್ತಿ ಹೆಚ್ಚಲಿಲ್ಲ, ನಿಂತ ಜಾಗ ಮೇಲೇರಿತು.

ಎಫ್‌ಎಂ ಅಲೆಗಳೂ ಹೀಗೆಯೇ. ಅವು ಹೆಚ್ಚು ಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಸ್ವಲ್ಪ ದೂರದ ನಂತರ ನೆಲ ಕೆಳಗೆ ಬಾಗುತ್ತದೆ, ಅಲೆ ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಆ ಗಡಿಯೇ ದಿಗಂತ.

ವಿದ್ಯಾರ್ಥಿಗಳೇ, ಎತ್ತರಕ್ಕೂ ದಿಗಂತಕ್ಕೂ ಇರುವ ಈ ನಂಟನ್ನು ಹನ್ನೊಂದನೇ ಶತಮಾನದಲ್ಲಿಯೇ ಅಲ್ ಬಿರೂನಿ ಬಳಸಿಕೊಂಡಿದ್ದರು. ಇಂದು ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿಯ ಬೆಟ್ಟವನ್ನು ಏರಿ, ಅಲ್ಲಿಂದ ದಿಗಂತ ಎಷ್ಟು ಕೆಳಗೆ ಬಾಗಿ ಕಾಣುತ್ತದೆ ಎಂಬ ಕೋನವನ್ನು ಅಳೆದರು. ಅದು ಒಂದು ಡಿಗ್ರಿಗಿಂತಲೂ ಕಡಿಮೆ. ಆ ಕೋನ ಮತ್ತು ಬೆಟ್ಟದ ಎತ್ತರ ಎರಡರಿಂದಲೇ ಇಡೀ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅವರು ಎತ್ತರದಿಂದ ಭೂಮಿಯ ಗಾತ್ರ ಕಂಡರು. ನಾವು ಭೂಮಿಯ ಗಾತ್ರ ತಿಳಿದು, ಎತ್ತರದಿಂದ ಪ್ರಸಾರದ ದೂರ ಕಾಣುತ್ತೇವೆ. ರೇಖಾಗಣಿತ ಒಂದೇ.

ಲೆಕ್ಕ ಸುಲಭ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬಂದ ಉತ್ತರವೇ ರೇಡಿಯೋ ದಿಗಂತದ ದೂರ, ಕಿಲೋಮೀಟರಿನಲ್ಲಿ. ವಾತಾವರಣ ಅಲೆಗಳನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದರಿಂದ ಇದು ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ದೂರ. 9 ಮೀಟರ್ ಎತ್ತರಕ್ಕೆ ಸುಮಾರು 12 ಕಿ.ಮೀ., 36 ಮೀಟರಿಗೆ 25 ಕಿ.ಮೀ., 100 ಮೀಟರಿಗೆ 41 ಕಿ.ಮೀ., 400 ಮೀಟರಿಗೆ 82 ಕಿ.ಮೀ. ಗಮನಿಸಿ: ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಕೇಳುವವರ ಆಂಟೆನಾಕ್ಕೂ ಇದೇ ಲೆಕ್ಕ ಹಾಕಿ ಎರಡನ್ನೂ ಕೂಡಿಸಬೇಕು.

ಎತ್ತರವೋ, ಶಕ್ತಿಯೋ?

ದಿಗಂತದ ಒಳಗೇ ಇದ್ದರೂ ದನಿ ಏಕೆ ಕ್ಷೀಣಿಸುತ್ತದೆ? ಗೋಪುರದಿಂದ ಹೊರಟ ಅಲೆ ನಿಮ್ಮನ್ನು ಎರಡು ದಾರಿಯಲ್ಲಿ ತಲುಪುತ್ತದೆ. ಒಂದು ನೇರ ದಾರಿ, ಇನ್ನೊಂದು ನೆಲಕ್ಕೆ ಬಡಿದು ಪುಟಿದು ಬರುವ ದಾರಿ. ದೂರದಲ್ಲಿ, ಆಂಟೆನಾ ತಗ್ಗಾಗಿದ್ದಾಗ, ಈ ಎರಡೂ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ಆಂಟೆನಾ ಮೇಲೇರಿದಷ್ಟೂ ಅಳಿಸುವಿಕೆ ಕಡಿಮೆಯಾಗುತ್ತದೆ.

ಆದ್ದರಿಂದ ಬಯಲು ನೆಲದಲ್ಲಿ, ದಿಗಂತದೊಳಗಿನ ದೂರದ ಊರಿಗೆ, ಎಂಜಿನಿಯರುಗಳ ಸ್ಥೂಲ ಲೆಕ್ಕ ಹೀಗಿದೆ. ಆಂಟೆನಾದ ಎತ್ತರವನ್ನು ಎರಡು ಪಟ್ಟು ಮಾಡಿದರೆ ಸಿಗುವ ಲಾಭ, ಟ್ರಾನ್ಸ್‌ಮಿಟರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಸಮ. ಎತ್ತರ ಬದಲಿಸದೆ ಬರೀ ಶಕ್ತಿಯಿಂದ ದೂರವನ್ನು ಎರಡು ಪಟ್ಟು ಮಾಡಹೊರಟರೆ ಶಕ್ತಿ ಹದಿನಾರು ಪಟ್ಟು ಬೇಕು! ಕಂಬಕ್ಕೆ ಒಮ್ಮೆ ಹಣ ಹಾಕಿದರೆ ಮುಗಿಯಿತು. ಶಕ್ತಿಗಾದರೆ ತಿಂಗಳು ತಿಂಗಳೂ ಕರೆಂಟ್ ಬಿಲ್ಲು ಕಟ್ಟಬೇಕು.

ಒಂದು ಉದಾಹರಣೆ ನೋಡಿ. ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ, 10 ಕಿಲೋವ್ಯಾಟ್ ಶಕ್ತಿಯದು. ತಮಿಳುನಾಡಿನ ಕೊಡೈಕೆನಾಲ್ ಎಫ್‌ಎಂ 100.5 ಮೆಗಾಹರ್ಟ್ಸ್‌ನಲ್ಲಿ, ಅದೂ 10 ಕಿಲೋವ್ಯಾಟ್. ಶಕ್ತಿ ಒಂದೇ, ಅಲೆಯೂ ಬಹುತೇಕ ಒಂದೇ. ಆದರೆ ಕೊಡೈಕೆನಾಲ್ ಸಮುದ್ರಮಟ್ಟದಿಂದ 2000 ಮೀಟರಿಗೂ ಮೇಲಿದೆ, ಅದರ ಕೆಳಗೆ ತಮಿಳುನಾಡಿನ ಬಯಲು ಹರಡಿದೆ. ನಮ್ಮ ಸೂತ್ರದ ಪ್ರಕಾರವೇ ಅದರ ದಿಗಂತ 180 ಕಿ.ಮೀ. ದಾಟುತ್ತದೆ. ದಕ್ಷಿಣ ತಮಿಳುನಾಡಿನ ಹಲವು ಜಿಲ್ಲೆಗಳಿಗೆ ಆ ಒಂದೇ ಕೇಂದ್ರ ಕೇಳಿಸುತ್ತದೆ.

ನಾವು ನಿಂತಿರುವ ಜಾಗ

ಈಗ ಮಳವಳ್ಳಿಗೆ ಬರೋಣ. ಹಕ್ಕಿ ಹಾರುವ ದಾರಿಯಲ್ಲಿ ಮೈಸೂರು ನಮಗೆ ಸುಮಾರು 45 ಕಿ.ಮೀ., ಬೆಂಗಳೂರು ಸುಮಾರು 87 ಕಿ.ಮೀ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೈಸೂರು ನಗರ ನಮಗಿಂತ ಸುಮಾರು 150 ಮೀಟರ್ ಮೇಲೆ. ಅಲ್ಲಿನ ಯಾವ ಗೋಪುರವಾದರೂ ನಮ್ಮ ಪಾಲಿಗೆ ಅಷ್ಟು ಎತ್ತರದ ಜಗಲಿಯ ಮೇಲೆ ನಿಂತಂತೆಯೇ. ಆದ್ದರಿಂದಲೇ ಪ್ರಸಾರದ ಎಂಜಿನಿಯರುಗಳು ಗೋಪುರದ ಉದ್ದವನ್ನಷ್ಟೇ ನೋಡುವುದಿಲ್ಲ. ಸುತ್ತಲಿನ ನೆಲದ ಸರಾಸರಿ ಮಟ್ಟದಿಂದ ಆಂಟೆನಾ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕುತ್ತಾರೆ. ತಗ್ಗಿನಲ್ಲಿ ನಿಂತ 60 ಮೀಟರ್ ಗೋಪುರಕ್ಕಿಂತ ದಿಬ್ಬದ ಮೇಲಿನ 20 ಮೀಟರ್ ಕಂಬವೇ ಮೇಲಾಗಬಹುದು.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಅಲ್ಲಿನ ಎಫ್‌ಎಂ ನಮಗೆ ಬಂದಂತೆ ಬಂದು ಮರೆಯಾಗುತ್ತದೆ. ದೂರ ಹೆಚ್ಚು, ನಡುವೆ ರಾಮನಗರ, ಕನಕಪುರ ಕಡೆಯ ಬಂಡೆಗುಡ್ಡಗಳು ಅಡ್ಡ ನಿಂತಿವೆ. ಆದರೆ ಮನೆಯ ಹಿರಿಯರನ್ನು ಕೇಳಿ. ಅವರ ಕಾಲದಲ್ಲಿ ಬೆಂಗಳೂರಿನ ಮೀಡಿಯಂ ವೇವ್ ಕೇಂದ್ರ, 612 ಕಿಲೋಹರ್ಟ್ಸ್, ಹೊಲದಲ್ಲೂ ಕೇಳುತ್ತಿತ್ತು. ಆಗ ಗುಡ್ಡ ಅಡ್ಡ ಬರಲಿಲ್ಲವೇ?

ಅಲೆಯ ಉದ್ದ, ಆಂಟೆನಾದ ಉದ್ದ

ಉತ್ತರ ಅಲೆಯ ಉದ್ದದಲ್ಲಿದೆ. 100.6 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಉದ್ದದ ಅಲೆ ನೆಲವನ್ನು ಹಿಡಿದುಕೊಂಡೇ ಸಾಗುತ್ತದೆ, ವಿಶ್ವೇಶ್ವರಯ್ಯ ನಾಲೆಯ ನೀರು ನೆಲದ ಏರಿಳಿತ ಅನುಸರಿಸಿ ಸುತ್ತಿ ಬಳಸಿ ಬರುವಂತೆ. ಸಣ್ಣ ಪುಟ್ಟ ಗುಡ್ಡಗಳು ಅದಕ್ಕೆ ಲೆಕ್ಕಕ್ಕಿಲ್ಲ. ಗಿಡ್ಡ ಅಲೆ ಟಾರ್ಚ್ ಬೆಳಕಿನಂತೆ, ಗುಡ್ಡದ ಹಿಂದೆ ನೆರಳು ಬೀಳುತ್ತದೆ.

ಇಲ್ಲಿಂದ ಆಂಟೆನಾದ ಎರಡು ಜಾತಿಗಳು ಹುಟ್ಟುತ್ತವೆ. ಒಂದು ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಉದ್ದ ಅಲೆಯ ಉದ್ದಕ್ಕೆ ಹೊಂದಬೇಕು. ಸಾಮಾನ್ಯವಾಗಿ ಅರ್ಧ ಅಥವಾ ಕಾಲು ಭಾಗ. 490 ಮೀಟರಿನ ಕಾಲು ಭಾಗವೇ ಸುಮಾರು 122 ಮೀಟರ್! ಆದ್ದರಿಂದ ಮೀಡಿಯಂ ವೇವ್ ಕೇಂದ್ರದಲ್ಲಿ ಗೋಪುರದ ಮೇಲೆ ಆಂಟೆನಾ ಇರುವುದಿಲ್ಲ, ಗೋಪುರವೇ ಆಂಟೆನಾ. ಸಾಮಾನ್ಯವಾಗಿ ಅದನ್ನು ಪಿಂಗಾಣಿ ಅವಾಹಕದ ಮೇಲೆ ನಿಲ್ಲಿಸಿ, ಸುತ್ತಲೂ ನೆಲದೊಳಗೆ ತಾಮ್ರದ ತಂತಿಗಳನ್ನು ಚಕ್ರದ ಕಡ್ಡಿಗಳಂತೆ ಹೂತಿರುತ್ತಾರೆ. ಅಲ್ಲಿ ಬೆಟ್ಟದ ತುದಿಗಿಂತ ತೇವವಿರುವ ಬಯಲು ನೆಲವೇ ಲೇಸು, ಏಕೆಂದರೆ ನೆಲವೂ ಆಂಟೆನಾದ ಒಂದು ಭಾಗ. ಎಫ್‌ಎಂನಲ್ಲಾದರೆ 3 ಮೀಟರಿನ ಅರ್ಧ, ಒಂದೂವರೆ ಮೀಟರಿಗೆ ತುಸು ಕಡಿಮೆ. ಚಾಚಾ ಕತ್ತರಿಸಿದ ಎರಡು ತುಂಡುಗಳು ಸೇರಿದರೆ ಅಷ್ಟೇ ಅಲ್ಲವೇ? ಅಂಥ ಚಿಕ್ಕ ಆಂಟೆನಾವನ್ನು ಎಷ್ಟು ಎತ್ತರಕ್ಕೂ ಏರಿಸಬಹುದು.

ಎತ್ತರದ ಈ ಮಹಿಮೆ ಬಾನುಲಿಯಷ್ಟೇ ಹಳೆಯದು. 1895ರಲ್ಲಿ ಇಟಲಿಯ ಯುವಕ ಮಾರ್ಕೋನಿ ತಂತಿಯನ್ನು ಮೇಲಕ್ಕೆ ಏರಿಸಿ ಇನ್ನೊಂದು ತುದಿಯನ್ನು ನೆಲಕ್ಕೆ ಜೋಡಿಸಿದ ಮೇಲೆಯೇ ಅವನ ಸಂಕೇತ ಗುಡ್ಡದ ಆಚೆಗೆ ಹೋಯಿತು. 1901ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಹಿಡಿಯಲು ನ್ಯೂಫೌಂಡ್‌ಲೆಂಡಿನಲ್ಲಿ ಅವನು ಆಂಟೆನಾ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ್ದ.

ನಮ್ಮ ನೆರೆಯ ಮೈಸೂರಿನ ಕಥೆಯೂ ಕಡಿಮೆಯದಲ್ಲ. 1935ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಆ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಮನೆಯಲ್ಲಿ ಉರಿಯುತ್ತಿದ್ದ ಹಳೆಯ 40 ವ್ಯಾಟ್ ಬಲ್ಬಿಗಿಂತ ಕಡಿಮೆ! ಅಲ್ಲಿ ಬಳಕೆಗೆ ಬಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಚಿಕ್ಕದೆಂದು ಅವರು ಹಿಂಜರಿಯಲಿಲ್ಲ ಎಂಬುದನ್ನು ನೆನಪಿಡಿ.

ದೀಪದ ಬುಡದಲ್ಲಿ ಕತ್ತಲೆ

ಇನ್ನು ವಿನ್ಯಾಸದ ಮಾತು. ಮಸೀದಿಯ ಮಿನಾರಿನಲ್ಲಿ ಹಾರ್ನ್‌ಗಳನ್ನು ಹೇಗೆ ಕಟ್ಟುತ್ತಾರೆ ನೋಡಿದ್ದೀರಲ್ಲ. ಎತ್ತರಕ್ಕೆ ಏರಿಸುತ್ತಾರೆ, ಜೊತೆಗೆ ಬಾಯಿಯನ್ನು ಮನೆಗಳಿರುವ ಕಡೆಗೆ ತಿರುಗಿಸುತ್ತಾರೆ. ಆಕಾಶಕ್ಕೆ ಬಾಯಿಮಾಡಿ ಕಟ್ಟಿದರೆ ಎಷ್ಟು ದೊಡ್ಡ ಆಂಪ್ಲಿಫೈಯರ್ ಇದ್ದರೂ ಪ್ರಯೋಜನವಿಲ್ಲ.

ಆಂಟೆನಾ ವಿನ್ಯಾಸದ ತಿರುಳೂ ಅದೇ. ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಇರುವ ಶಕ್ತಿ ಆಕಾಶಕ್ಕೂ ನೆಲಕ್ಕೂ ವ್ಯರ್ಥವಾಗದಂತೆ ತಡೆದು ಜನರಿರುವ ಕಡೆಗೆ ಹಂಚುತ್ತದೆ. ಕಂಬದ ಮೇಲೆ ಒಂದರ ಕೆಳಗೊಂದು ಸರಿಯಾದ ಅಂತರದಲ್ಲಿ ಎರಡು ಆಂಟೆನಾ ಕಟ್ಟಿದರೆ ದಿಗಂತದ ಕಡೆಗೆ ಹೋಗುವ ಶಕ್ತಿ ಒಂದೇ ಆಂಟೆನಾ ಇದ್ದಾಗಿನ ಸುಮಾರು ಎರಡರಷ್ಟಾಗುತ್ತದೆ. ಅಂದರೆ 50 ವ್ಯಾಟ್ ಟ್ರಾನ್ಸ್‌ಮಿಟರ್ 100 ವ್ಯಾಟ್‌ನಂತೆ ಕೆಲಸ ಮಾಡುತ್ತದೆ. ಇದಕ್ಕೆ ಪರಿಣಾಮಕಾರಿ ವಿಕಿರಣ ಶಕ್ತಿ ಎನ್ನುತ್ತಾರೆ. ಆದರೆ ಈ ಲಾಭವನ್ನು ಕೇಬಲ್ ನುಂಗಿಹಾಕಬಹುದು. ತೆಳ್ಳನೆಯ ಅಗ್ಗದ ಕೇಬಲನ್ನು ಉದ್ದಕ್ಕೆ ಎಳೆದರೆ ಅರ್ಧ ಶಕ್ತಿ ಕಂಬ ಹತ್ತುವಷ್ಟರಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಆಂಟೆನಾದ ಅಳತೆ ಅಲೆಗೆ ಹೊಂದದಿದ್ದರೆ ಶಕ್ತಿ ಹಿಂತಿರುಗಿ ಬಂದು ಟ್ರಾನ್ಸ್‌ಮಿಟರನ್ನೇ ಸುಡಬಹುದು.

ಎತ್ತರಕ್ಕೂ ಒಂದು ದೋಷವಿದೆ. 'ದೀಪದ ಬುಡದಲ್ಲಿ ಕತ್ತಲೆ' ಎಂಬ ಗಾದೆ ಆಂಟೆನಾಕ್ಕೂ ಸಲ್ಲುತ್ತದೆ. ಬೆಟ್ಟದ ತುದಿಯಲ್ಲಿ, ಹಲವು ಹಂತದ ಆಂಟೆನಾ ಕಟ್ಟಿದರೆ ಅಲೆ ತೆಳುವಾದ ತಟ್ಟೆಯಂತೆ ಹರಡಿ ಬುಡದ ಊರಿನ ತಲೆಯ ಮೇಲೆ ಹಾದುಹೋಗುತ್ತದೆ. ಆಗ ಆಂಟೆನಾದ ಹರಹನ್ನು ಸ್ವಲ್ಪ ಕೆಳಕ್ಕೆ ಬಾಗಿಸಬೇಕಾಗುತ್ತದೆ. ನಿಮ್ಮ ಜೇಬಿನ ಮೊಬೈಲು ಕೂಡ ರೇಡಿಯೋವೇ. ಅದರ ಟವರಿನ ಆಂಟೆನಾಗಳನ್ನು ಬೇಕೆಂದೇ ಕೆಳಕ್ಕೆ ಬಾಗಿಸುತ್ತಾರೆ. ಪಕ್ಕದ ಟವರಿಗೆ ತೊಂದರೆಯಾಗಬಾರದು ಎಂಬುದೇ ಕಾರಣ. ದೂರ ಹೋಗುವಂತೆ ಮಾಡುವುದು ಹೇಗೆ ವಿನ್ಯಾಸವೋ, ಬೇಡವಾದಷ್ಟು ದೂರ ಹೋಗದಂತೆ ಮಾಡುವುದೂ ಹಾಗೆಯೇ ವಿನ್ಯಾಸ.

ನಮ್ಮ ಪ್ರಶ್ನೆಗೆ ಉತ್ತರ

ಈಗ ಹಿರಿಯರ ಪ್ರಶ್ನೆಗೆ ಮರಳೋಣ. ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಆದರೂ ಹಳ್ಳಿಯವರ ಕೈಗೆ ಆಂಟೆನಾ ಬರಲು ವರ್ಷಗಳೇ ಬೇಕಾದವು. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಕೇಂದ್ರ ಕಾರ್ಯಕ್ರಮ ತಯಾರಿಸುತ್ತಿತ್ತು. ಪ್ರಸಾರಕ್ಕೆ ಪರವಾನಗಿ ಸಿಗುವಂತಿರಲಿಲ್ಲವಾದ್ದರಿಂದ ಅದು ಕೇಬಲ್ ಮೂಲಕ ಮನೆಗಳಿಗೆ ದನಿ ತಲುಪಿಸಿತು. 2006ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು.

ಆ ಮಾರ್ಗಸೂಚಿಯ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಪರಿಣಾಮಕಾರಿ ವಿಕಿರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು. ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ಮೀರಬಾರದು, 15 ಮೀಟರಿಗಿಂತ ಕಡಿಮೆಯೂ ಇರಬಾರದು. ಕನಿಷ್ಠ ಮಿತಿ ಇಟ್ಟಿರುವುದು ಹತ್ತಿರದ ಜನರ ಮೇಲೆ ವಿಕಿರಣ ಬೀಳದಿರಲೆಂದು. ಆದ್ದರಿಂದ "ದೊಡ್ಡ ಮೆಷಿನ್" ಎಂಬ ಮಾತೇ ಇಲ್ಲಿ ಏಳುವುದಿಲ್ಲ. ಉಳಿಯುವುದು ಒಂದೇ ಪ್ರಶ್ನೆ: ಕಂಬವನ್ನು ಎಲ್ಲಿ ನೆಡುತ್ತೀರಿ?

30 ಮೀಟರಿಗೆ ದಿಗಂತ ಸುಮಾರು 23 ಕಿ.ಮೀ. ಆದರೆ 100 ವ್ಯಾಟ್‌ಗೆ ಸಾಮಾನ್ಯ ಸೆಟ್ಟಿನಲ್ಲಿ ಚೆನ್ನಾಗಿ ಕೇಳಿಸುವುದು ಸಾಧಾರಣವಾಗಿ 5ರಿಂದ 10 ಕಿ.ಮೀ. ಊರಿನ ನಡುವೆ ಕಂಬ ನೆಟ್ಟರೆ ಮಳವಳ್ಳಿ ಪಟ್ಟಣ, ಸುತ್ತಲಿನ ಹಳ್ಳಿಗಳು ಕೇಳುತ್ತವೆ. ಹಲಗೂರಿನ ಕಡೆಗೆ ಕ್ಷೀಣಿಸುತ್ತದೆ. ಶಿವನಸಮುದ್ರ ನಮ್ಮಿಂದ ನೇರಕ್ಕೆ ಸುಮಾರು 15 ಕಿ.ಮೀ., ಅದರ ಮೇಲೆ ಹೊಳೆಯ ಕಣಿವೆ. ಕಾಡಿನ ತಗ್ಗಿನಲ್ಲಿರುವ ಮುತ್ತತ್ತಿಯ ಮಾತಂತೂ ಬೇಡ. 2018 ಮತ್ತು 2019ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲದ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿದೆ. ಎಚ್ಚರಿಕೆ ಯಾರಿಗೆ ಮೊದಲು ತಲುಪಬೇಕೋ ಆ ದಂಡೆಯವರಿಗೇ ನಮ್ಮ ದನಿ ತಲುಪದಿದ್ದರೆ ಕೇಂದ್ರ ಕಟ್ಟಿ ಏನು ಫಲ? ಹೀಗಾಗಿ ಕಟ್ಟಡ ಎಲ್ಲಿ ಅನುಕೂಲ ಎಂದು ನೋಡಿ ಕಂಬ ನೆಡುವುದಲ್ಲ. ಯಾರಿಗೆ ಕೇಳಿಸಬೇಕು ಎಂದು ಮೊದಲು ನಿಶ್ಚಯಿಸಿ, ನಿಯಮ ಒಪ್ಪುವ ಕಡೆ ಅವರಿಗೆ ಹತ್ತಿರದ, ಅವರಿಗೆ ಕಾಣುವ ದಿಬ್ಬ ಹುಡುಕಬೇಕು.

ಇದಕ್ಕೆ ವಿದ್ಯಾರ್ಥಿಗಳ ಸಹಾಯ ಬೇಕು. ರಜೆಯಲ್ಲಿ ಒಂದು ಸಣ್ಣ ರೇಡಿಯೋ ಹಿಡಿದು ನಿಮ್ಮ ನಿಮ್ಮ ಊರಿನಲ್ಲಿ ಮೈಸೂರು 100.6 ಕೇಳಿ. ಮನೆಯೊಳಗೆ, ಅಂಗಳದಲ್ಲಿ, ತಾರಸಿಯ ಮೇಲೆ, ಹೊಳೆ ದಂಡೆಯಲ್ಲಿ ಹೇಗೆ ಕೇಳಿಸಿತೆಂದು ಬರೆದು ತಾಲ್ಲೂಕಿನ ನಕ್ಷೆಯ ಮೇಲೆ ಗುರುತು ಹಾಕಿ. ನೆರಳು ಎಲ್ಲಿ ಬೀಳುತ್ತದೆ ಎಂಬುದು ನಿಮಗೇ ಕಾಣುತ್ತದೆ. ಆ ನಕ್ಷೆ ಸಂಘದ ಕೈಸೇರಿದ ಮೇಲೆ ಹಣದ ಮಾತು. ಒಂದು ಎಚ್ಚರಿಕೆ: ಗಳು ಏರಿಸುವಾಗ ವಿದ್ಯುತ್ ತಂತಿಯ ಹತ್ತಿರ ಸುಳಿಯಬೇಡಿ, ಗುಡುಗು ಸಿಡಿಲಿನ ಹೊತ್ತಿನಲ್ಲಿ ತಾರಸಿ ಹತ್ತಬೇಡಿ. ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟರ್ ಮಾತ್ರ ಎಂದೂ ಹಚ್ಚಬೇಡಿ, ಅದು ಅಪರಾಧ. ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಸಂಘದ ಹಿರಿಯರೇ, ನಮ್ಮದು ಚಿಕ್ಕ ಸಂಘ. ಚಿಕ್ಕ ಶಕ್ತಿಯನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿ, ಸರಿಯಾದ ದಿಕ್ಕಿಗೆ ತಿರುಗಿಸಿದರೆ ಅದು ತಲುಪಬೇಕಾದವರನ್ನು ತಲುಪುತ್ತದೆ. ನನಗೆ ಇದನ್ನು ಕಲಿಸಿದ್ದು ಒಂದು ಬಿದಿರಿನ ಗಳು ಮತ್ತು ಎರಡು ತುಂಡು ತಂತಿ. ನಿಮ್ಮ ನಕ್ಷೆಗಳಿಗಾಗಿ ಕಾಯುತ್ತಿರುತ್ತೇನೆ.